ಗೆರೆ ಹೊಡೆದ ಸಾಲು

ನಾನು ಸಾಲೆ ಬಿಟ್ಟದ್ದು ೧೯೯೩ರಲ್ಲಿ, ಆರನೇ ಕ್ಲಾಸಿನ ಅರ್ಧಕ್ಕೆ. ಬಿಡಿಸಿದರು ಅಂತ ಯಾರ ಮೇಲೂ ಹಾಕುವುದಿಲ್ಲ, ನಾನೇ ಬಿಟ್ಟೆ. ಅಪ್ಪ ಗೋಡೆ ಕಟ್ಟುವಲ್ಲಿ ಗಾರೆಯ ಬುಟ್ಟಿ ಹೊತ್ತು ನಿಂತರೆ ಕಲ್ಲುಗಳು ಮಾತು ಕೇಳಿದಂತೆ ಒಂದರ ಮೇಲೊಂದು ಕೂರುತ್ತಿದ್ದವು. ಸಾಲೆಯಲ್ಲಿ ಅಕ್ಷರಗಳು ನನ್ನ ಮಾತು ಕೇಳುತ್ತಿರಲಿಲ್ಲ. ಹದಿನಾರಕ್ಕೆ ಕರಣಿ ಹಿಡಿದೆ. ಇಪ್ಪತ್ತೆರಡು ತುಂಬುವಷ್ಟರಲ್ಲಿ ಊರಿನವರು ಗೌಂಡಿ ಹನುಮಂತಪ್ಪ ಎಂದು ಕರೆಯತೊಡಗಿದ್ದರು. ಕುಷ್ಟಗಿಯಿಂದ ಗಂಗಾವತಿಯವರೆಗೆ ನಾನು ಕಟ್ಟಿದ ಯಾವ ಗೋಡೆಗಾದರೂ ತೂಗುಗುಂಡು ಇಳಿಬಿಟ್ಟು ನೋಡಿ, ದಾರಕ್ಕೂ ಗೋಡೆಗೂ ನಡುವಿನ ಸಂದು ಮೇಲೆ ಎಷ್ಟಿದೆಯೋ ಕೆಳಗೂ ಅಷ್ಟೇ ಇರುತ್ತದೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಮುಂದೆ ಬರೆಯುವುದರಲ್ಲಿ ಹೆಮ್ಮೆಪಡುವಂಥದ್ದು ಹೆಚ್ಚಿಲ್ಲ.

ಹೋದ ತಿಂಗಳು ಶ್ರೀರಾಮನಗರದಲ್ಲಿ ಒಂದು ಮನೆ ಮುಗಿಸಿದೆವು. ಗೃಹಪ್ರವೇಶದ ಬೆಳಿಗ್ಗೆ ಮನೆಯೊಡೆಯರ ತಾಯಿ, ತೆಲುಗು ಮಾತಿನ ಮುದುಕಿ, ಹೊಸ ಮನೆಗೆ ದೃಷ್ಟಿ ತೆಗೆದು ಉಪ್ಪು ಮತ್ತು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟು ಬರದಿದ್ದರೆ ಕೆಟ್ಟ ಕಣ್ಣು ಬಿದ್ದಿತ್ತು ಅಂತ ಲೆಕ್ಕ. ಅವತ್ತು ಘಾಟು ಚೆನ್ನಾಗಿಯೇ ಬಂತು. ಎಲ್ಲರೂ ಕೆಮ್ಮುತ್ತ ಕೆಮ್ಮುತ್ತ ನಕ್ಕರು. ನನಗೆ ಒಳಗೆ ನಿಲ್ಲಲಾಗಲಿಲ್ಲ. ಕಾಲುವೆಯ ದಂಡೆಗೆ ಹೋಗಿ ಕೂತೆ. ನೆಟ್ಟ ನೆಲ್ಲಿನ ಗದ್ದೆಗಳ ಮೇಲೆ ಬಿಸಿಲು ಹೊಳೆಯುತ್ತಿತ್ತು, ಕೊಕ್ಕರೆಗಳು ಸಾಲಾಗಿ ನಿಂತಿದ್ದವು. ಊಟಕ್ಕೆ ಕರೆಯಲು ಬಂದ ಮನೆಯೊಡೆಯರು, "ಯಾಕ್ರಿ ಗೌಂಡ್ಯಾರ, ಕಣ್ಣಾಗ ನೀರು ಬಂದಾವಲ್ಲ" ಅಂದರು. "ಮೆಣಸಿನಕಾಯಿ ಘಾಟು ಭಾಳ ಆತ್ರಿ" ಅಂದೆ. ಅದು ಸುಳ್ಳೇನೂ ಅಲ್ಲ. ಆದರೆ ಆ ಘಾಟು ಹನ್ನೆರಡು ವರ್ಷದ ಹಿಂದಿನದು.

ಆಗ ನಾವು ಕುಷ್ಟಗಿಯಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ನಮ್ಮೂರಿನಲ್ಲೇ ಇದ್ದೆವು. ಕಾಲುವೆ ನೀರು ಕಾಣದ ಸೀಮೆ. ಕೆಂಪು ನೆಲ, ಬಂಡೆಗುಡ್ಡ, ನಡುವೆ ಒಂದು ಒಣಹಳ್ಳ. ಮಗಳು ಹುಲಿಗೆಮ್ಮ ಐದನೇ ಕ್ಲಾಸಿನಲ್ಲಿದ್ದಳು. ಆ ವರ್ಷ ಸಾಲೆಗೆ ಹೊಸ ಅಕ್ಕಾರು ಬಂದಿದ್ದರು. ನಮ್ಮ ಕಡೆ ಹೆಣ್ಣು ಮೇಷ್ಟ್ರನ್ನು ಅಕ್ಕಾರು ಅಂತಲೇ ಕರೆಯುವುದು. ಸಣ್ಣ ವಯಸ್ಸು, ಮೆತ್ತಗಿನ ಮಾತು. ಬಂದ ಮೊದಲ ತಿಂಗಳಲ್ಲೇ ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಒಬ್ಬೊಬ್ಬರು ಒಂದೊಂದು ಪ್ರಾಣಿ ಹಿಡಿದುಕೊಳ್ಳಬೇಕು. ದಿನಾ ಅರ್ಧ ತಾಸು ಅದನ್ನು ನೋಡಬೇಕು. ನೋಡಿದ್ದನ್ನು ಬರೆಯಬೇಕು.

ಹುಲಿಗಿ ಮೊದಲು ಬರೆದದ್ದು ಕೋಳಿಯ ಮೇಲೆ. 'ಕೋಳಿ ಒಂದು ಸಾಕು ಪಕ್ಷಿ. ಅದಕ್ಕೆ ಎರಡು ಕಾಲುಗಳಿವೆ. ಅದು ನಮಗೆ ಮೊಟ್ಟೆ ಕೊಡುತ್ತದೆ.' ಅಕ್ಕಾರು ಓದಿ, "ಈ ಕೋಳಿ ಯಾರ ಮನೀದವ್ವಾ?" ಅಂತ ಕೇಳಿದರಂತೆ.

"ನಮ್ಮನೀದ್ರಿ."

"ಅಲ್ಲ, ಇದು ಪುಸ್ತಕದ್ದು. ನಿಮ್ಮನಿ ಕೋಳಿ ನೋಡಿ ಬರಿ."

ಮರುದಿನ ಬರೆದುಕೊಂಡು ಹೋದಳು: 'ನಮ್ಮ ಕೋಳಿ ನೀರು ಕುಡಿದ ಮೇಲೆ ಪ್ರತಿ ಸಲ ಆಕಾಶ ನೋಡುತ್ತದೆ. ಅವ್ವ ಬಯ್ದರೆ ಒಂದು ಕಣ್ಣಿನಿಂದ ಮಾತ್ರ ನೋಡುತ್ತದೆ.' ಅಕ್ಕಾರು ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ಈ ಕೋಳಿ ನನಗೂ ಕಂಡಿತು' ಅಂತ ಬರೆದಿದ್ದರು. ಆ ಸಾಲನ್ನು ನಾನು ನಾಲ್ಕು ಸಲ ಓದಿದೆ, ಬೆರಳಿಟ್ಟುಕೊಂಡು.

ಆ ಚಳಿಗಾಲ ಊರಾಚೆಯ ಹಳ್ಳಕ್ಕೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟುವ ಕೆಲಸ ನನ್ನದಾಗಿತ್ತು. ಜೊತೆಗೆ ತಮ್ಮ ಯಮನೂರ ಬರುತ್ತಿದ್ದ. ಕಲ್ಲು ಒಡೆಯುವುದು, ಕೂರಿಸುವುದು, ಸಂದಿಗೆ ಚಿಪ್ಪುಗಲ್ಲು ತುರುಕುವುದು ಎಲ್ಲ ನಾನೇ ಕಲಿಸಿದ್ದೆ. ಅವನಿಗೆ ಅದರ ಜೊತೆಗೆ ಕುರಿಗಳೂ ಇದ್ದವು, ಇಪ್ಪತ್ತು ಚಿಲ್ಲರೆ. ಕೆಲಸ ಮಾಡುತ್ತಲೇ ಒಂದು ಕಣ್ಣನ್ನು ದಂಡೆಯ ಮೇಲೆ ಮೇಯುವ ಕುರಿಗಳ ಕಡೆ ಇಟ್ಟಿರುತ್ತಿದ್ದ. ಮಧ್ಯಾಹ್ನ ಊಟಕ್ಕೆ ರೊಟ್ಟಿ ತರುವುದು ಹುಲಿಗಿಯ ಪಾಳಿ. ಶನಿವಾರ, ಆದಿತ್ಯವಾರ ಬಂದರೆ ಸಂಜೆಯವರೆಗೂ ಅಲ್ಲೇ. ಅರ್ಧ ಕಟ್ಟಿದ ಒಡ್ಡಿನ ಮೇಲೆ ನೋಟುಬುಕ್ಕು ಇಟ್ಟುಕೊಂಡು ಕೂರುತ್ತಿದ್ದಳು. ಕೋಳಿ ಮುಗಿದು ಓತಿಕ್ಯಾತ ಆಗಿತ್ತು, ಅದೂ ಮುಗಿದು ಇರುವೆ ಆಗಿತ್ತು.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಮುಂಚಿನ ವಾರ ಅವಳು ಒಡ್ಡಿನ ಮೇಲಿಂದ ಕೂಗಲಿಲ್ಲ, ಇಳಿದು ಬಂದು ನನ್ನ ಕಿವಿಯ ಹತ್ತಿರ ಹೇಳಿದಳು.

"ಅಪ್ಪಾ, ಆಚಿ ದಂಡಿ ಮ್ಯಾಲ ಒಂದು ನಾಯಿ ಕುಂತೈತಿ. ಅದು ನಾಯಿ ಅಲ್ಲ."

ಮಣ್ಣಿನ ಬಣ್ಣದ್ದೇ ಮೈ, ಉದ್ದ ಕಾಲು, ತಗ್ಗಿಸಿದ ತಲೆ. ತೋಳ. ನಾನು ಕಂಡವನೇ. ನಮ್ಮ ಸೀಮೆಯಲ್ಲಿ ಅದನ್ನು ನೋಡದೆ ಬೆಳೆದವರಿಲ್ಲ. ಆದರೆ ಕೂತು ನೋಡಿದವನಲ್ಲ. ಕಂಡ ಕೂಡಲೇ ಕಲ್ಲು ಎತ್ತಿಕೊಳ್ಳುವುದು ನಮ್ಮ ಪದ್ಧತಿ. ಅವತ್ತೂ ಕೈ ಕಲ್ಲಿನ ಕಡೆ ಹೋಗಿತ್ತು. ಹುಲಿಗಿ ನನ್ನ ಮುಂಗೈ ಹಿಡಿದಳು. "ಅರ್ಧ ತಾಸು" ಅಂದಳು. ಅಕ್ಕಾರ ಲೆಕ್ಕ ಅದು.

ಅರ್ಧ ತಾಸು ನೋಡಿದೆವು. ಕೈಯಲ್ಲಿದ್ದ ಗಾರೆ ಒಣಗಿ ಬಿರಿಯಿತು. ಕೆಲಸದ ಹೊತ್ತಿನಲ್ಲಿ ನಾನು ಕೈ ಕಟ್ಟಿಕೊಂಡು ಕೂತದ್ದು ಅದೇ ಮೊದಲು. ಯಮನೂರ ಅವತ್ತು ಸಂತೆಗೆ ಹೋಗಿದ್ದ. ಅವನು ಇರದಿದ್ದದ್ದು ಛಲೋ ಆಯಿತು ಅಂತ ನನಗೆ ಆಗಲೇ ಅನಿಸಿತ್ತು. ಇದನ್ನು ಬರೆದಿಡಬೇಕು. ಆಗಲೇ ಅನಿಸಿತ್ತು.

ಎಳ್ಳಮಾಸಿಯ ದಿನ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಕಡುಬು, ಶೇಂಗಾ ಹೋಳಿಗೆ. ಉಣ್ಣುವ ಮೊದಲು ಎಲ್ಲದರಲ್ಲಿ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಚರಗ ಅನ್ನುತ್ತೇವೆ ಅದಕ್ಕೆ. ಭೂಮಿತಾಯಿಗೆ ಒಂದು ಪಾಲು, ಹಕ್ಕಿಗೆ, ಹುಳಕ್ಕೆ, ಹೊಲದಲ್ಲಿ ಓಡಾಡುವ ಎಲ್ಲದಕ್ಕೂ ಒಂದು ಪಾಲು. ಆ ವರ್ಷ ಹುಲಿಗಿ ಒಂದು ಇಡೀ ಕಡುಬನ್ನು ಎತ್ತಿಕೊಂಡು ಹಳ್ಳದ ಕಡೆ ಬೀಸಿ ಒಗೆದಳು.

"ಯಾರಿಗವ್ವಾ ಅಷ್ಟು ದೊಡ್ಡದು?" ನನ್ನ ಹೆಂಡತಿ ಗಂಗಮ್ಮ ಕೇಳಿದಳು.

"ತ್ವಾಳಕ್ಕ."

ಯಮನೂರ ಹೋಳಿಗೆ ಮುರಿಯುತ್ತ ನಕ್ಕ. "ನಿನ್ನ ತ್ವಾಳ ಕಡುಬು ತಿನ್ನಂಗಿದ್ರ ನನ್ನ ಕುರಿಮರಿ ಯಾಕ ತಿಂತಿತ್ತವ್ವಾ? ವಾರದಾಗ ಎರಡು ಹೋಗ್ಯಾವ. ಮುಂದಿನ ವರ್ಷ ಕುರಿ ಕೊಯ್ದು ಬ್ಯಾಟಿ ಅಡಿಗಿ ಮಾಡಿ ಕರಿ ಅದನ್ನ, ಎಲಿ ಹಾಸಿ ಬಡಸೂಣು."

ಎಲ್ಲರೂ ನಕ್ಕರು. ಹುಲಿಗಿಯೂ ನಕ್ಕಳು. ಆದರೆ ಆಮೇಲೆ ಅವಳು ಕಾಕಾನ ಮುಂದೆ ತೋಳದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮರಿಗಳು ಕಂಡದ್ದು ಹಬ್ಬ ಕಳೆದ ಎರಡನೇ ಆದಿತ್ಯವಾರ. ಒಡ್ಡಿನಿಂದ ಮೇಲುಗಡೆ, ಹಳ್ಳದ ಆಚೆ ದಂಡೆಯಲ್ಲಿ, ಎರಡು ಬಾರೆ ಹಣ್ಣಿನ ಗಿಡಗಳ ಬೇರಿನ ನಡುವೆ ಒಂದು ತೂತು. ಒಂದಾದಮೇಲೊಂದು ಹೊರಬಂದವು. ಆ ವಾರದ ಬರಹ ನನಗೆ ಬಾಯಿಪಾಠ:

'ತೋಳ ಕೂತರೆ ಕಾಣುತ್ತದೆ. ಎದ್ದರೆ ಕಾಣುವುದಿಲ್ಲ. ಅದು ನಡೆಯುವಾಗ ಹೊರೆ ಹೊತ್ತವರ ಹಾಗೆ ತಲೆ ತಗ್ಗಿಸುತ್ತದೆ. ಮರಿಗಳು ನಾಲ್ಕು. ಮೂರು ಮರಿ ಅವ್ವನ ಬಾಲ ಹಿಡಿದು ಜಗ್ಗುತ್ತವೆ. ನಾಲ್ಕನೆಯದರ ಎಡಗಿವಿ ಮಡಚಿದೆ. ಅದು ಎಲ್ಲರಿಗಿಂತ ಕಡೆಗೆ ಬರುತ್ತದೆ. ಬಾಯಿಯ ಹತ್ತಿರ ನಿಂತು ಬಿಸಿಲನ್ನು ಮೂಸಿ ನೋಡಿ ಮತ್ತೆ ಒಳಗೆ ಹೋಗುತ್ತದೆ. ಅದಕ್ಕೆ ಹೊರಗೆ ಅಂದರೆ ಅಂಜಿಕೆ.'

ಬಿಸಿಲನ್ನು ಮೂಸಿ ನೋಡುವುದನ್ನು ನಾನೂ ನೋಡಿದ್ದೆ. ಆದರೆ ಹಾಗಂತ ನನಗೆ ಹೇಳಲು ಬರುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ ಹೇಳಿದ್ದಳು. ನನಗೆ ಹೊಟ್ಟೆಯೊಳಗಿಂದ ಒಂದು ಹೆಮ್ಮೆ ಎದ್ದು, ಅದು ಸುಮ್ಮನೆ ಕೂರಲಿಲ್ಲ. ಆ ಬರಹಕ್ಕೆ ನನ್ನದೂ ಒಂದು ಕಲ್ಲು ಇರಲಿ ಅನ್ನಿಸಿತು.

"ಎಲ್ಲಿ ಅಂತ ಬರದಿಲ್ಲಲ್ಲವ್ವಾ" ಅಂದೆ.

"ಹಳ್ಳದ ದಂಡಿ ಅಂತ ಬರೀಲೇನು?"

"ಹಳ್ಳ ಎಷ್ಟು ಉದ್ದ ಐತಿ. ಅಲ್ಲೇ ಎಲ್ಲೋ ಅಂತ ಗ್ವಾಡಿ ಕಟ್ಟಿದ್ರ ನಿಲ್ಲತೈತೇನು? ಅಳತಿ ಬೇಕು. ಅಳತಿ ಇದ್ರ ಯಾರೂ ಸುಳ್ಳು ಅನ್ನಂಗಿಲ್ಲ."

ಅವತ್ತು ಮಧ್ಯಾಹ್ನ ತಾಯಿ ತೋಳ ಗುಡ್ಡದ ಕಡೆ ಹೋದದ್ದನ್ನು ನೋಡಿ, ನಾನೇ ಒಡ್ಡಿನ ಎಡತುದಿಯಿಂದ ದಂಡೆ ಹಿಡಿದು ಹೆಜ್ಜೆ ಎಣಿಸುತ್ತ ಹೋದೆ. ಅರವತ್ತೆರಡು. ತೂತಿನ ಬಾಯಿಗೆ ಕೈ ಹಿಡಿದು ನೋಡಿದೆ, ಎರಡು ಗೇಣು. ಒಳಗಿನಿಂದ ಹಾಲಿನ ವಾಸನೆಯ ಬಿಸಿಗಾಳಿ ಕೈಗೆ ತಾಗಿತು. ಹುಲಿಗಿ ಒಡ್ಡಿನ ಮೇಲೆ ಕೂತು ನಾನು ಕೂಗಿ ಹೇಳಿದ್ದನ್ನೆಲ್ಲ ಬರೆದುಕೊಂಡಳು. ಆ ಸಾಲು ಹೀಗಿದೆ: 'ಒಡ್ಡಿನ ಎಡತುದಿಯಿಂದ ಮೇಲಕ್ಕೆ ಅಪ್ಪನ ಹೆಜ್ಜೆಯಲ್ಲಿ ಅರವತ್ತೆರಡು, ಎರಡು ಬಾರೆ ಗಿಡದ ನಡುವೆ, ಬಾಯಿ ಎರಡು ಗೇಣು ಅಗಲ.'

ಸೋಮವಾರ ನೋಟುಬುಕ್ಕು ವಾಪಸು ಬಂದಾಗ ಅಕ್ಕಾರು ಆ ಒಂದು ಸಾಲಿನ ಮೇಲೆ ಪೆನ್ಸಿಲಿನಿಂದ ತೆಳುವಾಗಿ ಗೆರೆ ಹೊಡೆದಿದ್ದರು. ಉಳಿದದ್ದಕ್ಕೆಲ್ಲ ಕೆಂಪು ಶಾಯಿಯಲ್ಲಿ ಹೊಗಳಿಕೆ. ನನಗೆ ಸಿಟ್ಟು ಬಂತು. ಇಡೀ ಬರಹದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಸಾಲು. ಸಾಲೆಯ ಗೇಟಿನ ಹತ್ತಿರ ಅಕ್ಕಾರನ್ನು ನಿಲ್ಲಿಸಿ ಕೇಳಿಯೇಬಿಟ್ಟೆ.

"ಅಳತಿ ತಪ್ಪೈತೇನ್ರಿ ಅಕ್ಕಾರ?"

"ಅಳತಿ ಸರಿ ಐತ್ರಿ. ಅದಕ್ಕ ಹೊಡದೀನಿ. ಜಾಗಾ ಬರೆಸಬ್ಯಾಡ್ರಿ. ಓದವ್ರು ಯಾರಂತ ನಮಗ ಗೊತ್ತಿರೂದಿಲ್ಲ."

"ನಮ್ಮೂರಾಗ ಓದವ್ರ ಎಷ್ಟ ಮಂದಿ ಅದಾರ್ರಿ" ಅಂದು ನಕ್ಕೆ. ಅವರು ನಗಲಿಲ್ಲ. ಬಸ್ಸು ಬಂತು, ಹತ್ತಿ ಹೋದರು.

ಮೂರನೇ ಕುರಿಮರಿ ಹೋದದ್ದು ಅದೇ ವಾರ. ಯಮನೂರ ಅದರ ಕಾಲು ಮಾತ್ರ ಹಿಡಿದುಕೊಂಡು ಮನೆಗೆ ಬಂದ. ಅದು ತಾಯಿ ಸತ್ತ ಮರಿ, ಅವನ ಹೆಂಡತಿ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಅವನು ಅಂಗಳದಲ್ಲಿ ಕೂತು ನೆಲ ಕೆದರುತ್ತಿದ್ದ. ಅವನ ಮುಖವನ್ನೂ ಮರೆತಿಲ್ಲ ನಾನು. ತಪ್ಪು ಅವನದೊಂದೇ ಅಂತ ಬರೆದರೆ ಈ ಗೋಡೆ ಓರೆ ಆಗುತ್ತದೆ.

ಶುಕ್ರವಾರ ಸಂಜೆ, ಹೊತ್ತು ಮುಳುಗುವ ಮುಂಚೆ, ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಏಳೆಂಟು ಮಂದಿ ಕೂತಿದ್ದರು. ಕೆಲಸದಿಂದ ಬಂದವನು ನಾನೂ ಕೂತೆ. ಹುಲಿಗಿಯ ನೋಟುಬುಕ್ಕು ನನ್ನ ಊಟದ ಚೀಲದಲ್ಲಿತ್ತು. ಇತ್ತು ಅಂದರೆ, ನಾನೇ ಇಟ್ಟುಕೊಂಡಿದ್ದೆ. ಯಾರೋ ಸಾಲೆಯ ಮಾತು ತೆಗೆದರು. ಅಕ್ಕಾರು ಮಕ್ಕಳಿಗೆ ಪಾಠ ಬಿಡಿಸಿ ನಾಯಿ ನರಿ ನೋಡಲು ಹಚ್ಚಿದ್ದಾರೆ, ಅದೆಂಥ ವಿದ್ಯೆ ಅಂತ. ನನಗೆ ಅಷ್ಟೇ ಸಾಕಾಯಿತು.

"ಎಂಥ ವಿದ್ಯಾ ಅಂತ ಕೇಳ್ರಿ ಇಲ್ಲಿ" ಅಂದು ನೋಟುಬುಕ್ಕು ತೆಗೆದೆ.

ಆರನೇ ಕ್ಲಾಸಿನ ಅರ್ಧಕ್ಕೆ ಬಿಟ್ಟವನು ನಾನು. ಬೆರಳಿಟ್ಟು, ನಿಂತು ನಿಂತು ಓದಿದೆ. ಕೋಳಿ ಓದಿದೆ, ಅವರು ನಕ್ಕರು. ತೋಳ ಓದಿದೆ, ಅವರು ಮುಂದಕ್ಕೆ ಬಾಗಿದರು. ಬಿಸಿಲನ್ನು ಮೂಸಿ ನೋಡುವ ಸಾಲಿಗೆ ಬಂದಾಗ ಬೀರಜ್ಜ ಬೀಡಿ ಕೆಳಗಿಳಿಸಿದ. ಎಂಬತ್ತರ ಹತ್ತಿರದ ಮುದುಕ, ಆಯುಷ್ಯವೆಲ್ಲ ಕುರಿ ಹಿಂದೆ ನಡೆದವನು. "ಹೌದು, ಹಂಗ ಮಾಡತಾವ" ಅಂದ. ನನ್ನ ಎದೆ ಉಬ್ಬಿತು. ಸಾಲೆ ಬಿಟ್ಟ ದಿನದಿಂದ ನನಗೆ ಬಾಕಿ ಇದ್ದ ಮಾತು ಅವತ್ತು ಆ ಕಟ್ಟೆಯ ಮೇಲೆ ಬಂದಂತಾಯಿತು.

ಯಮನೂರ ಕಟ್ಟೆಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತಿದ್ದ. "ಎಲ್ಲಿ ಐತಿ ಅಂತ ಬರದಾಳೇನಣ್ಣಾ?" ಅಂದ.

ನಾನು ನೋಟುಬುಕ್ಕು ಮುಚ್ಚಿದೆ. "ಅದನ್ನ ಬರೀಬಾರದಂತ."

"ಹಂಗಂದ್ರ ಏನೂ ನೋಡಿಲ್ಲ ತಗೋ. ಪುಸ್ತಕದಾಗಿಂದು ಹೊಡದಾಳ. ಹತ್ತು ವರ್ಷದ ಹುಡುಗಿ ತ್ವಾಳದ ಮುಂದ ಕುಂತು ಬರದಾಳಂದ್ರ ಯಾರು ನಂಬತಾರ."

ಇಬ್ಬರು ನಕ್ಕರು. ಅಣ್ಣನ ಕಿವಿ ಎಲ್ಲಿ ಹಿಡಿದರೆ ಬಗ್ಗುತ್ತಾನೆ ಅಂತ ತಮ್ಮನಿಗೆ ಗೊತ್ತಿತ್ತು. ಅವನು ಯಾಕೆ ಕೇಳುತ್ತಿದ್ದಾನೆ ಅಂತ ಅಣ್ಣನಿಗೂ ಗೊತ್ತಿತ್ತು. ಹನ್ನೆರಡು ವರ್ಷ ನಾನು ಇದನ್ನು ತಿರುವಿ ತಿರುವಿ ನೋಡಿದ್ದೇನೆ. ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಗೊತ್ತಿತ್ತು. ಮೂರನೇ ಕುರಿಮರಿಯ ಕಾಲು ಕಂಡು ಎರಡು ದಿನವೂ ಆಗಿರಲಿಲ್ಲ. ಆದರೂ ನೋಟುಬುಕ್ಕು ತೆರೆದು, ಆ ಪೆನ್ಸಿಲು ಗೆರೆಯ ಕೆಳಗೆ ಬೆರಳಿಟ್ಟು, ಜೋರಾಗಿ ಓದಿದೆ. ಒಡ್ಡಿನ ಎಡತುದಿಯಿಂದ ಮೇಲಕ್ಕೆ. ಅಪ್ಪನ ಹೆಜ್ಜೆಯಲ್ಲಿ ಅರವತ್ತೆರಡು.

ಬೀರಜ್ಜ ಕಂಬಳಿ ಕೊಡವಿಕೊಂಡು ಎದ್ದು ಹೋದ.

ಮರುದಿನ ಶನಿವಾರ. ನಾನು ಸಿಮೆಂಟು ತರಲು ಟ್ರ್ಯಾಕ್ಟರಿನಲ್ಲಿ ಕುಷ್ಟಗಿಗೆ ಹೋಗಿದ್ದೆ. ಮೈಕೈ ನೋವು, ಇವತ್ತು ಕೆಲಸಕ್ಕೆ ಬರುವುದಿಲ್ಲ ಅಂತ ಯಮನೂರ ಬೆಳಿಗ್ಗೆ ಹೇಳಿಕಳಿಸಿದ್ದ. ನಾನು ಯಾಕೆ ಅಂತ ಕೇಳಲಿಲ್ಲ. ವಾಪಸು ಬರುವಾಗ ನಾಲ್ಕರ ಸುಮಾರು. ಟ್ರ್ಯಾಕ್ಟರು ಹಳ್ಳದ ದಾರಿಗೆ ಇಳಿಯುವಾಗ ಗಾಳಿ ಎದುರಿಗೆ ಬಂತು. ಸಗಣಿ ಕುಳ್ಳು ಸುಟ್ಟ ಹೊಗೆ, ಅದರೊಳಗೆ ಒಣಮೆಣಸಿನಕಾಯಿಯ ಘಾಟು. ಡ್ರೈವರು ಕೆಮ್ಮಿ, "ಯಾರ ಮನಿ ದೃಷ್ಟಿ ತಗ್ಯಾಕತ್ತಾರೋ ಇಲ್ಲಿ, ಹೊಲದಾಗ" ಅಂದ.

ಒಡ್ಡಿನ ಮೇಲೆ ಹುಲಿಗಿ ಇದ್ದಳು. ಶನಿವಾರದ ಸಾಲೆ ಬೇಗ ಬಿಟ್ಟಿತ್ತು. ಚೀಲ ಬೆನ್ನಿಗೇ ಇತ್ತು. ಕೂತಿರಲಿಲ್ಲ, ನಿಂತಿದ್ದಳು. ಆಚೆ ದಂಡೆಯ ಬಾರೆ ಗಿಡಗಳ ನಡುವೆ ಹೊಗೆ ತೆಳ್ಳಗೆ ಉಳಿದಿತ್ತು. ಯಾರೂ ಇರಲಿಲ್ಲ. ನಾನು ಹತ್ತಿರ ಹೋದೆ. ಅವಳು ಅಳುತ್ತಿರಲಿಲ್ಲ.

"ಅಪ್ಪಾ, ಗೆರಿ ಹೊಡದಿದ್ದನ್ನ ಓದಿದ್ಯಾ?"

"ಎಲ್ಲಾ ಓದಿದೆ" ಅಂದೆ.

ಅಷ್ಟೇ ಕೇಳಿದಳು. ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಗೆ ಬಂದು ನನ್ನ ಊಟದ ಚೀಲದಿಂದ ನೋಟುಬುಕ್ಕು ತೆಗೆದು ಗೋಡೆಯ ಗೂಡಿನಲ್ಲಿ, ದೀಪದ ಹಿಂದೆ ಇಟ್ಟಳು. ಆಮೇಲೆ ಅವಳು ಅದನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ.

ಆದಿತ್ಯವಾರ ಬೆಳಿಗ್ಗೆ ಒಬ್ಬನೇ ಹೋದೆ. ಒಳಗೆ ಹೊಗೆ ಹಾಕಿ ತೂತಿನ ಬಾಯಿಗೆ ಕಲ್ಲು ಕಟ್ಟಿದ್ದರು. ಕಟ್ಟಿದ್ದರು ಅಂದರೆ ನಿಜವಾಗಿಯೂ ಕಟ್ಟಿದ್ದರು. ದೊಡ್ಡ ಕಲ್ಲು ಕೆಳಗೆ, ಅದರ ಮುಖ ಹೊರಗೆ, ಸಂದಿಗೆ ಚಿಪ್ಪುಗಲ್ಲು, ಮೇಲೆ ಹಸಿಮಣ್ಣು ಮೆತ್ತಿ ಕೈಯಿಂದ ಸವರಿದ್ದು. ಎಲ್ಲೂ ಹೊಗೆ ಸೋರುವಷ್ಟೂ ತೂತಿರಲಿಲ್ಲ. ನಾನು ಕಲಿಸಿದ ಗೋಡೆ. ಇಪ್ಪತ್ತು ವರ್ಷದ ಕೆಲಸದಲ್ಲಿ ನಾನು ಎಷ್ಟೋ ಗೋಡೆ ಕೆಡವಿದ್ದೇನೆ, ಅದರಷ್ಟು ಬಿಗಿಯಾದದ್ದನ್ನು ಕೆಡವಿಲ್ಲ. ಉಗುರು ಕಿತ್ತುಬಂತು.

ಒಳಗೆ ಕೈ ಹಾಕಿ ಮರಿಗಳನ್ನು ಒಂದೊಂದಾಗಿ ತೆಗೆದೆ. ಬಾಯಿಯ ಹತ್ತಿರಕ್ಕೇ ಬಂದು ಒಂದರ ಮೇಲೊಂದು ಬಿದ್ದಿದ್ದವು. ಒಂದು. ಎರಡು. ಮೂರು. ಭುಜದ ತನಕ ಕೈ ತೂರಿಸಿ ಹಿಂದಿನ ಮಣ್ಣು ಮುಟ್ಟುವವರೆಗೆ ತಡಕಿದೆ. ಮತ್ತೆ ಏನೂ ಸಿಗಲಿಲ್ಲ. ಮೂರರ ಕಿವಿಗಳನ್ನೂ ನೋಡಿದೆ. ಆರೂ ನೆಟ್ಟಗಿದ್ದವು.

ಬಾರೆ ಗಿಡದ ಬುಡದಲ್ಲಿ ಮಣ್ಣು ಮಾಡಿ ಬೀರಜ್ಜನ ಹಟ್ಟಿಗೆ ಹೋದೆ. ಅವನು ನನ್ನ ಕೈ ನೋಡಿದ, ನೀರು ಹಾಕಿದ.

"ಹುಡುಗಿ ನಾಕು ಅಂತ ಬರದಾಳಜ್ಜಾ. ಮೂರ ಸಿಕ್ಕುವು."

"ನಿನ್ನ ಹೆಜ್ಜಿ ಎಣಸಾಕ ನೀನ ಹೋಗಿದ್ಯಲ್ಲ. ಬಾಯಿಗೆ ಕೈ ಹಚ್ಚಿದ್ಯೇನು?"

"ಹಚ್ಚಿದೆ."

"ಮನುಷ್ಯಾನ ವಾಸನಿ ಹತ್ತಿದ್ರ ಅದು ಮನಿ ಬದಲ ಮಾಡತೈತಿ. ಮರೀನ ಬಾಯಾಗ ಕಚಗೊಂಡು, ಒಂದೊಂದ. ಒಂದು ಒಯ್ದಿರಬೇಕು. ಉಳದಿದ್ದಕ್ಕ ಬರೂದ್ರಾಗ ಇವ್ರು ಬಂದಾರ." ಕೈಗೆ ಇನ್ನಷ್ಟು ನೀರು ಹಾಕಿ ಅಂದ: "ನನ್ನ ಕುರ್ಯಾಗಿಂದೂ ಒಯ್ದಾವ, ಅರವತ್ತು ವರ್ಷ. ನಾ ಒಂದಿನಾನೂ ತೂತಿನ ಬಾಯಿ ಕಟ್ಟಲಿಲ್ಲ. ನಿನ್ನ ಮಗಳ ಕಣ್ಣು ಛಲೋ ಅದಾವ ಹನಮಂತ. ನಿನ್ನ ಬಾಯಿ ಛಲೋ ಇಲ್ಲ."

ಯಮನೂರನನ್ನು ಬಯ್ಯಲು ಅಂತಲೇ ಅವನ ಮನೆಗೆ ಹೋಗಿದ್ದೆ. ಅವನು ತಲೆ ಎತ್ತದೆ ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. "ನೀನ ಓದಿದ್ಯಲ್ಲಣ್ಣಾ" ಅಂದ. ನಾನು ಹೊಸ್ತಿಲಿನಿಂದಲೇ ತಿರುಗಿದೆ.

ಒಡ್ಡಿನ ಕೆಲಸ ಇನ್ನೂ ಬಾಕಿ ಇತ್ತು. ಅದಾದ ಮೇಲೆ ಒಂಬತ್ತು ದಿನ ತಾಯಿ ತೋಳ ಬಂತು. ಹಗಲು ಹೊತ್ತಿನಲ್ಲೇ, ಬಿಸಿಲು ನೆತ್ತಿಗೆ ಬಂದಾಗ. ತೆರೆದ ಬಾಯಿಯ ಹತ್ತಿರ ಹೋಗಿ ತಲೆ ಒಳಗೆ ಹಾಕುತ್ತಿತ್ತು, ತೆಗೆಯುತ್ತಿತ್ತು. ಬಾರೆ ಗಿಡದ ಬುಡ ಮೂಸುತ್ತಿತ್ತು. ಆಮೇಲೆ ಕೂತು ಒಡ್ಡಿನ ಕಡೆ ನೋಡುತ್ತಿತ್ತು. ಕೂತರೆ ಕಾಣುತ್ತದೆ, ಎದ್ದರೆ ಕಾಣುವುದಿಲ್ಲ. ನಾನು ಕಲ್ಲು ಇಡುತ್ತಿದ್ದೆ. ಬೆನ್ನು ತಿರುಗಿಸಿದರೂ ಅದು ಕೂತಿದೆ ಅಂತ ಗೊತ್ತಾಗುತ್ತಿತ್ತು. ಯಾವ ಮೇಷ್ಟ್ರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಅದರ ಅರ್ಧ ತಾಸು ನನ್ನ ಮೇಲೆ ಅಂತ ಅನ್ನಿಸುತ್ತಿತ್ತು. ಹತ್ತನೇ ದಿನ ಬರಲಿಲ್ಲ. ಒಡ್ಡು ಮುಗಿಯಿತು, ಮಳೆಗಾಲದಲ್ಲಿ ನೀರು ನಿಂತಿತು. ನಿಂತ ನೀರು ಮೇಲುಗಡೆ ಏರಿ ಆ ತೂತನ್ನು ಮುಚ್ಚಿತು. ಈಗಲೂ ಚಳಿಗಾಲದಲ್ಲಿ ನೀರು ಇಳಿದಾಗ ಬಾಯಿ ಕಾಣುತ್ತದೆ, ಮಣ್ಣು ಕಟ್ಟಿಕೊಂಡು ಒಂದು ಗೇಣಿನಷ್ಟಾಗಿದೆ. ಪ್ರತಿ ವರ್ಷ ಹೋಗಿ ನೋಡುತ್ತೇನೆ. ಹೆಂಡತಿಗೆ ಒಡ್ಡು ಬಿರಿದಿದೆಯೋ ನೋಡಿಬರುತ್ತೇನೆ ಅಂತ ಹೇಳಿ ಹೋಗುತ್ತೇನೆ.

ಅಕ್ಕಾರು ಎರಡು ವರ್ಷಕ್ಕೆ ಬೇರೆ ಊರಿಗೆ ವರ್ಗವಾಗಿ ಹೋದರು. ಹುಲಿಗಿ ನನ್ನೊಂದಿಗೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಸುಲಭವಿತ್ತು. ಉಂಡಳು, ನಕ್ಕಳು, ಜ್ವರ ಬಂದಾಗ ನನ್ನ ಹಣೆ ಒತ್ತಿದಳು. ಒಂದೇ ಒಂದು ಬದಲಾಯಿತು. "ಇವತ್ತ ಒಂದು ಮುಂಗುಸಿ ನೋಡಿದೆಪ್ಪಾ" ಅನ್ನುತ್ತಿದ್ದಳು. "ಎಲ್ಲವ್ವಾ?" ಅಂದರೆ "ಹೊರಗ" ಅನ್ನುತ್ತಿದ್ದಳು. ನವಿಲು ಮೊಟ್ಟೆ ಇಟ್ಟದ್ದು ಎಲ್ಲಿ? ಹೊರಗ. ಹೊಸ ಗೂಬೆಯ ಕೂಗು ಎಲ್ಲಿ? ಹೊರಗ. ಹನ್ನೆರಡು ವರ್ಷ ನನಗೆ ಆ ಹುಡುಗಿಯಿಂದ ಒಂದು ಜಾಗದ ಹೆಸರು ಸಿಗಲಿಲ್ಲ. ನಾನೂ ಆ ಆದಿತ್ಯವಾರದ ಮಾತು ಹೇಳಲಿಲ್ಲ. ಹೇಳಿದರೆ, ಒಂದು ಉಳಿದಿದೆ, ಅಷ್ಟಕ್ಕೆ ನನ್ನನ್ನು ಬಿಟ್ಟುಬಿಡು ಅಂತ ಬೇಡಿದ ಹಾಗಾಗುತ್ತಿತ್ತು. ಬೇಡುವ ಜಾತಿ ಅಲ್ಲ ನಂದು ಅಂತ ಸುಮ್ಮನಿದ್ದೆ.

ಈಗ ಅವಳು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಅತಿಥಿ ಶಿಕ್ಷಕಿ. ಮಕ್ಕಳು ಅವಳನ್ನೂ ಅಕ್ಕಾರು ಅನ್ನುತ್ತಾರೆ. ಶ್ರೀರಾಮನಗರದ ಗೃಹಪ್ರವೇಶ ಮುಗಿದ ವಾರ ಫೋನು ಮಾಡಿದಳು. "ಅಪ್ಪಾ, ನಮ್ಮ ಕ್ಲಾಸಿನ ಮೆಟ್ಲು ಒಡದಾವ, ಹುಡುಗ್ರು ಎಡವತಾವ. ಆದಿತವಾರ ಬರ್ತೀಯೇನು?" ಕರಣಿ, ಅರ್ಧ ಚೀಲ ಸಿಮೆಂಟು ಬೈಕಿಗೆ ಕಟ್ಟಿಕೊಂಡು ಹೋದೆ.

ಕ್ಲಾಸಿನೊಳಗೆ ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಕಾಗದಗಳನ್ನು ತೂಗುಹಾಕಿದ್ದರು. ಮೂವತ್ತರಷ್ಟು ಇರಬೇಕು. ಅವಳು ಉಸುಕು ಜರಡಿ ಹಿಡಿಯಲು ಹೋದಾಗ ನಾನು ಬೆರಳಿಟ್ಟು ಓದಿದೆ. 'ಹೊರಗೆ ಒಂದು ಮುಂಗುಸಿ ಇದೆ. ಅದು ರಸ್ತೆ ದಾಟುವಾಗ ತನ್ನ ಬಾಲಕ್ಕಾಗಿ ಕಾಯುವುದಿಲ್ಲ.' 'ಹೊರಗೆ ಒಂದು ಕುಂಟ ಆಕಳು ಇದೆ. ಅದು ನಿಂತಾಗ ಕುಂಟ ಅಲ್ಲ.' 'ಹೊರಗೆ ಒಂದು ಗೂಬೆ ಇದೆ. ನಾನು ಅದನ್ನು ನೋಡುವ ಮೊದಲು ಅದು ನನ್ನನ್ನು ನೋಡಿ ಮುಗಿಸಿತ್ತು.' ಒಂದೊಂದೂ ಹಾಗೇ ಶುರು. ಒಂದರಲ್ಲೂ ಹಳ್ಳ ಇಲ್ಲ, ಗಿಡದ ಗುರುತಿಲ್ಲ, ಹೆಜ್ಜೆ ಇಲ್ಲ.

ಮೆಟ್ಟಿಲ ಹತ್ತಿರ ಬಂದು ಒಡೆದ ಕಲ್ಲು ಕಿತ್ತೆ.

"ಎಲ್ಲಾ ಹುಡುಗ್ರೂ ಹೊರಗ ಅಂತ ಬರದಾವಲ್ಲವ್ವಾ."

"ಜಾಗಾ ಬರೀಬಾರದು ಅಂತ ಹೇಳೀನಿ."

"ಯಾಕಂತ ಕೇಳಂಗಿಲ್ಲೇನು?"

"ಕೇಳತಾವ. ಓದವ್ರು ಯಾರಂತ ನಮಗ ಗೊತ್ತಿರೂದಿಲ್ಲ ಅಂತೀನಿ."

ಸಿಮೆಂಟಿಗೆ ಉಸುಕು ಬೆರೆಸುತ್ತ ಬೆರೆಸುತ್ತ, ಮುಖ ನೋಡದೆ ಹೇಳಿದೆ. "ಅವತ್ತ ಕಟ್ಟಿ ಮ್ಯಾಲ ನಿಮ್ಮ ಕಾಕಾ ಯಾಕ ಕೇಳ್ತಾನ ಅಂತ ನನಗ ಗೊತ್ತಿತ್ತವ್ವಾ. ಗೊತ್ತಿದ್ದ ಓದಿದೆ."

"ನನಗೂ ಗೊತ್ತೈತಿ" ಅಂದಳು. ಮೊದಲಿನಿಂದಲೂ ಗೊತ್ತಿದ್ದವರ ಹಾಗೆ ಅಂದಳು.

"ಆ ಆದಿತವಾರ ನಾ ಹೋಗಿದ್ದೆ. ಕಲ್ಲು ತಗದು ನೋಡಿದೆ. ಮೂರ ಇದ್ದುವು."

ಅವಳ ಕೈಯಲ್ಲಿದ್ದ ಜರಡಿ ನಿಂತಿತು. ಅದರೊಳಗಿಂದ ಉಸುಕು ಸಣ್ಣಗೆ ಬೀಳುತ್ತಲೇ ಇತ್ತು.

"ಕಿವಿ ಮಡಚಿದ್ದು?"

"ಇರಲಿಲ್ಲ."

ನಾನು ಗಾರೆ ಹಾಕಿ ಕಲ್ಲು ಕೂರಿಸಿದೆ, ಕರಣಿಯ ಹಿಡಿಯಿಂದ ಎರಡು ಸಲ ತಟ್ಟಿದೆ, ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ನಡುವಿಗೆ ಬಂದು ನಿಂತಿತು. ಅವಳು ಬಂದು ನನ್ನ ಪಕ್ಕ, ಹಸಿ ಮೆಟ್ಟಿಲನ್ನು ಬಿಟ್ಟು ಅದರ ಮೇಲಿನದರ ಮೇಲೆ ಕೂತಳು.

"ಎಲ್ಲಿ ಹೋಗಿರಬೇಕಪ್ಪಾ ಅದು?"

ಹನ್ನೆರಡು ವರ್ಷದಲ್ಲಿ ಅವಳು ನನ್ನನ್ನು ಎಲ್ಲಿ ಅಂತ ಕೇಳಿದ್ದು ಅದೇ ಮೊದಲು.

"ಹೊರಗ" ಅಂದೆ.

ಅವಳು ಸರಿ ಅನ್ನುವ ಹಾಗೆ ತಲೆ ಅಲ್ಲಾಡಿಸಿದಳು. ಬಕೆಟ್ಟು ಎತ್ತಿಕೊಂಡು ನೀರು ತರಲು ಹೋದಳು. ನಾನು ಎರಡನೇ ಮೆಟ್ಟಿಲಿಗೆ ಕಲ್ಲು ಆರಿಸಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ನಾನೇ ಕಟ್ಟಿದ ಎರಡು ಕೋಣೆಯ ಮನೆ. ಒಂದು ಬೈಕು. ಕರಣಿ ನಾಲ್ಕು, ತೂಗುಗುಂಡು ಒಂದು, ರಸಮಟ್ಟ ಒಂದು. ಹೆಂಡತಿ, ಮಗಳು, ಒಬ್ಬ ತಮ್ಮ. ನೂರು ಪುಟದ ಒಂದು ನೋಟುಬುಕ್ಕು: ಬರೆದದ್ದು ಹದಿನೇಳು ಪುಟ, ಖಾಲಿ ಎಂಬತ್ತಮೂರು, ಗೆರೆ ಹೊಡೆದದ್ದು ಒಂದು ಸಾಲು.